ಗುಡಿ ಆವರಣದಾಗ ಗಿಡ ಒಣಗಿದ್ರ ಯಾರನ್ನ ಕೇಳಬೇಕು, ಹೆಂಗ ತೆಗೀಬೇಕು

ಒಣಗಿ ಸತ್ತ ಗಿಡ ಕಡಿಯಾಕೂ ಪರ್ಮಿಶನ್ ಬೇಕೇನ್ರಿ ಸರ ಅಂತ ನಮ್ಮೂರಾಗ ನನ್ನ ಕೇಳದವ್ರೇ ಇಲ್ಲ. ನಮ್ಮದು ಕೊಪ್ಪಳ ಜಿಲ್ಲೆ, ಕುಕನೂರ ಕಡೆ ಒಂದ್ ಹಳ್ಳಿ. ಊರ ಹೊರಗ ಚಾಲುಕ್ಯರ ಕಾಲದ ಸಣ್ಣ ಗುಡಿ ಐತಿ, ಸುತ್ತ ತಂತಿಬೇಲಿ, ಗೇಟಿನ ಬಾಜೂಕ ಸಂರಕ್ಷಿತ ಸ್ಮಾರಕ ಅನ್ನೋ ಬೋರ್ಡು, ಒಳಗ ಒಂದಿಷ್ಟು ಬೇವು, ಒಂದ್ ಬಿಲ್ವಪತ್ರಿ, ಮತ್ತ ಗುಡಿ ಮೂಲಿಗೆ ಒಂದ್ ದೊಡ್ಡ ಹುಣಸಿ ಗಿಡ ಇತ್ತು. ಆ ಹುಣಸಿಗೆ ಸಿಡಿಲು ಬಡೀತು, ಮುಂದಿನ ಮಳಿಗಾಲದಾಗ ಒಂದ್ ಚಿಗುರೂ ಬರಲಿಲ್ಲ, ತೊಗಟಿ ಉದುರಾಕ ಹತ್ತಿತು, ಆಮ್ಯಾಲ ಒಂದ್ ಸಂಜಿ ಗಾಳಿಗೆ ದಪ್ಪನ ಟೊಂಗಿ ಮುರಿದು ವೀರಗಲ್ಲುಗಳ ಸಾಲಿನ ಪಕ್ಕಕ್ಕ ಬಿತ್ತು. ಅವತ್ತಿನಿಂದ ಊರಾಗ ಇದೇ ಮಾತು. ನಾನು ಕಾಕಾ ಅಂತ ಕರಿಯೋ ಹಿರಿಯರೊಬ್ರು, "ಏ ತಮ್ಮಾ, ಜೆಸಿಬಿ ತರಸ್ರಿ, ಒಂದ್ ತಾಸಿನ ಕೆಲಸ, ಬೇರು ಸಮೇತ ಎತ್ತಿ ಒಗೀತಾನ, ಇದಕ್ಯಾಕ ಅರ್ಜಿ ಗಿರ್ಜಿ" ಅಂದ್ರು. ಕಾಕಾ ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಅಲ್ಲಿ ಹುಡುಗ್ರು ಆಡ್ತಾರ, ಯಾರ ತಲಿ ಮ್ಯಾಲಾದ್ರೂ ಬಿದ್ದೀತು ಅನ್ನೋ ಹೆದರಿಕಿ ಅವರಿಗೆ. ಆದ್ರ ಜೆಸಿಬಿ ತಂದು ಬೇರು ಕೀಳೂದು ಇಂಥ ಜಾಗದಾಗ ಮಾಡಬಾರದ ಮೊದಲನೇ ಕೆಲಸ, ಅದನ್ನ ಸರಿಯಾಗಿ ಬಿಡಿಸಿ ಹೇಳಬೇಕಂತ ಇದನ್ನ ಬರಿಯಾಕ ಕುಂತೀನಿ.

ಮೊದಲು ನೆಲದ ಮಾತು. ಹಳೇ ಹುಣಸಿ ಬೇರು ಟೊಂಗಿ ಹರಡಿದ ನೆರಳಿಗಿಂತ ದೂರ ಹೋಗಿರ್ತಾವ. ಗುಡಿ ಪಕ್ಕದಾಗ ಇದ್ರ ಅವು ಅಧಿಷ್ಠಾನದ (ಗುಡಿ ನಿಂತಿರೋ ಕಲ್ಲಿನ ಕಟ್ಟಿ) ಕೆಳಗ, ಹಾಸುಗಲ್ಲಿನ ಸಂದಿನಾಗ, ಎಲ್ಲಿ ತಂಪು ಐತೋ ಅಲ್ಲಿ ಸೇರಿರ್ತಾವ. ಚಾಲುಕ್ಯರ ಕಾಲದ ಗುಡಿಗಳನ್ನ ಸಿಮೆಂಟು ಗಾರೆ ಹಾಕಿ ಕಟ್ಟಿಲ್ಲ, ಕಲ್ಲಿನ ಮ್ಯಾಲ ಕಲ್ಲು ಕುಂದ್ರಿಸಿ ತೂಕದ ಮ್ಯಾಲೇ ನಿಲ್ಲಿಸ್ಯಾರ. ನಮ್ಮ ಹತ್ರದ ಇಟಗಿ ಮಹಾದೇವ ಗುಡಿ 1112ರದ್ದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಾಗ ದೇವಾಲಯ ಚಕ್ರವರ್ತಿ ಅಂತ ಕರ್ಯಾರ, ಒಂಬತ್ತು ನೂರು ವರ್ಷದ ಮ್ಯಾಲಾತು, ಇವತ್ತಿಗೂ ಹಂಗೇ ನಿಂತೈತಿ. ಹಂಗ ನಿಂತಿದ್ದು ಯಾಕಂದ್ರ ಬುಡ ಅಲುಗಾಡಿಲ್ಲ. ಬೊಡ್ಡಿಗೆ ಚೈನು ಕಟ್ಟಿ ಜೆಸಿಬಿ ಎಳದ್ರ ಬೇರು ಒಂದೇ ಬರಂಗಿಲ್ರಿ, ಬೇರು ಯಾವ ಕಲ್ಲನ್ನ ಹಿಡಕೊಂಡಿರ್ತೈತೋ ಅದೂ ಎದ್ದು ಬರ್ತೈತಿ, ಕೆಳಗಿನ ಒಂದ್ ಕಲ್ಲು ಸರದ್ರ ಮ್ಯಾಲಿನ ಕಂಬ, ತೊಲಿ ಎಲ್ಲಾ ನಿಧಾನಕ್ಕ ವಾಲಾಕ ಹತ್ತತಾವ, ಅವತ್ತೇ ಕಾಣಂಗಿಲ್ಲ, ಮೂರ್ನಾಲ್ಕು ಮಳಿಗಾಲ ಆದಮ್ಯಾಲ ಬಿರುಕು ಕಾಣ್ತೈತಿ, ಆಗ ಯಾರಿಗೂ ಆ ಗಿಡದ ನೆನಪೇ ಇರಂಗಿಲ್ಲ.

ಗುಡಿ ಇಲ್ಲದ ಬಯಲು ಜಾಗ ಆದ್ರ ಇನ್ನೂ ಸೂಕ್ಷ್ಮ. ನಮ್ಮ ಸೀಮಿ ಅಂದ್ರ ಕೊಪ್ಪಳ, ರಾಯಚೂರು, ಬಳ್ಳಾರಿ, ಇಲ್ಲಿ ಮಣ್ಣೇ ಒಂದ್ ದಾಖಲೆ. ಮಸ್ಕಿಯಾಗ 1915ರಾಗ ಅಶೋಕನ ಹೆಸರಿರೋ ಶಾಸನ ಸಿಕ್ಕಿದ್ದು ಎಲ್ಲರಿಗೂ ಗೊತ್ತು, ಆದ್ರ ಅದೇ ಮಸ್ಕಿಯಾಗ 1954ರಾಗ ಬಿ.ಕೆ. ಥಾಪರ್ ಉತ್ಖನನ ಮಾಡಿದಾಗ ನವಶಿಲಾಯುಗದ ಕಾಲ, ಅದರ ಮ್ಯಾಲ ಬೃಹತ್ ಶಿಲಾ ಸಮಾಧಿ ಕಟ್ಟಿದವ್ರ ಕಾಲ, ಅದರ ಮ್ಯಾಲ ಇತಿಹಾಸ ಕಾಲ, ಹಿಂಗ ಪದರು ಪದರಾಗಿ ಸಿಕ್ಕಾವು. ಬಳ್ಳಾರಿ ಕಡೆ ಕುಡತಿನಿ, ಸಂಗನಕಲ್ಲು, ಕುಪಗಲ್ ಕಡೆ ಬೂದಿ ದಿಬ್ಬ ಅವ, ಸಾವಿರಾರು ವರ್ಷದ ಹಿಂದ ದನದ ಸೆಗಣಿ ರಾಶಿ ಹಾಕಿ ಸುಟ್ಟಿದ್ದು, ಅದರಾಗೂ ಪದರು ಪದರು. ತಜ್ಞರು ಕಾಲ ಲೆಕ್ಕ ಹಾಕೂದು ಆ ಪದರಿನ ಮ್ಯಾಲೇ, ಒಡದ ಗಡಿಗಿ ಚೂರು ಯಾವ ಪದರಿನಾಗ ಸಿಕ್ತು ಅನ್ನೂದರ ಮ್ಯಾಲೇ. ಜೆಸಿಬಿ ಬಕೆಟ್ ಒಂದ್ ಸಲ ಒಳಗ ಹೋಗಿ ಬಂತಂದ್ರ ಎಲ್ಲಾ ಕಲಸಿ ಹೋತು, ಅದನ್ನ ಮತ್ತ ಯಾರೂ ಬಿಡಿಸಿಡಾಕ ಆಗಂಗಿಲ್ಲ.

ಈಗ ಕಾಯ್ದೆಗೆ ಬರ್ತೀನಿ. ಎರಡು ಬ್ಯಾರೆ ಬ್ಯಾರೆ ಕಾಯ್ದೆ ಅವ, ಬಹಳ ಮಂದಿ ಒಂದೇ ಅಂದ್ಕೋತಾರ. ಒಂದು ಗಿಡದ್ದು, ಇನ್ನೊಂದು ಜಾಗದ್ದು.

ಗಿಡದ್ದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಇದರ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿ ಲಿಖಿತ ಅನುಮತಿ ಕೊಡದ ಹೊರತು ಗಿಡ ಕಡಿಯಂಗಿಲ್ಲ, ನಿಮ್ಮ ಸ್ವಂತ ಹಿತ್ತಲದಾಗಿದ್ರೂ ಅಷ್ಟೇ. ಆದ್ರ ಇದೇ ಕಾಯ್ದೆಯ 8ನೇ ಕಲಮಿನಾಗ ಒಂದ್ ಒಳ್ಳೇ ಮಾತು ಐತಿ: ಗಿಡ ಸತ್ತಿದ್ರ, ರೋಗ ಬಂದಿದ್ರ, ಗಾಳಿಗೆ ಬಿದ್ದಿದ್ರ, ಜೀವಕ್ಕ ಆಸ್ತಿಗೆ ಅಪಾಯ ಇದ್ರ, ಸಿಡಿಲು ಬೆಂಕಿಗೆ ಹಾಳಾಗಿದ್ರ ಅನುಮತಿ ನಿರಾಕರಿಸಬಾರದು. ಅಂದ್ರ ಸತ್ತ ಗಿಡಕ್ಕ ಅರ್ಜಿ ಹಾಕಿದ್ರ ಕಾಯ್ದೆ ನಿಮ್ಮ ಕಡೆನೇ ಐತಿ. ಕೇಳಿದ್ರ ಕೊಡಂಗಿಲ್ಲ ಅಂತ ಹೆದರಿ ರಾತ್ರೋರಾತ್ರಿ ಕಡಿಯೋ ಮಂದಿಗೆ ಇದು ಗೊತ್ತೇ ಇಲ್ಲ, ನನಗ ಸಂಕಟ ಆಗೂದು ಇದಕ್ಕ.

ಜಾಗದ್ದು 1958ರ ಕೇಂದ್ರದ ಕಾಯ್ದೆ, ಪ್ರಾಚೀನ ಸ್ಮಾರಕಗಳದ್ದು. ರಾಜ್ಯ ಸಂರಕ್ಷಿತ ಸ್ಮಾರಕ ಆಗಿದ್ರ 1961ರ ರಾಜ್ಯದ ಕಾಯ್ದೆ ಬರ್ತೈತಿ, ಆಗ ಮೈಸೂರಾಗ ಮುಖ್ಯ ಕಚೇರಿ ಇರೋ ರಾಜ್ಯ ಪುರಾತತ್ವ ಇಲಾಖೆಗೆ ಬರಕೋಬೇಕು. ನಿಮ್ಮೂರ ಸ್ಮಾರಕ ಯಾವುದರ ಕೆಳಗ ಐತಿ ಅಂತ ಬೋರ್ಡಿನ ಮ್ಯಾಲೇ ಬರದಿರ್ತಾರ, ಒಂದ್ ಸಲ ನಿಂತು ಪೂರ್ತಿ ಓದ್ರಿ. ಕೇಂದ್ರದ ಕಾಯ್ದೆಯ 19ನೇ ಕಲಮು ಏನ್ ಹೇಳ್ತೈತಂದ್ರ ಸಂರಕ್ಷಿತ ಪ್ರದೇಶದಾಗ ಮಾಲೀಕ ಸುದ್ದಾ ಅನುಮತಿ ಇಲ್ದೇ ಕಟ್ಟಡ ಕಟ್ಟಂಗಿಲ್ಲ, ಅಗಿಯಂಗಿಲ್ಲ, ಕಲ್ಲು ತೆಗಿಯಂಗಿಲ್ಲ, ಆ ಜಾಗ ಬ್ಯಾರೆ ರೀತಿ ಬಳಸಂಗಿಲ್ಲ. ಬೇಸಾಯಕ್ಕ ಮಾತ್ರ ಸಣ್ಣ ರಿಯಾಯಿತಿ ಐತಿ, ಅದೂ ಒಂದ್ ಅಡಿಗಿಂತ ಆಳ ಅಗಿಯಬಾರದು ಅಂತ. ಒಂದ್ ಅಡಿ! ಹುಣಸಿ ಬೊಡ್ಡಿ ಕೀಳಬೇಕಂದ್ರ ಎಷ್ಟ್ ಆಳ ಹೋಗಬೇಕು ನೀವೇ ಯೋಚನೆ ಮಾಡ್ರಿ. 2010ರ ತಿದ್ದುಪಡಿ ಆದಮ್ಯಾಲ ಸ್ಮಾರಕಕ್ಕ ಧಕ್ಕೆ ಮಾಡಿದ್ರ ಎರಡು ವರ್ಷದ ತನಕ ಜೈಲು, ಒಂದ್ ಲಕ್ಷದ ತನಕ ದಂಡ ಐತಿ. ಕಲ್ಲು ಸರಿಸಿದ ಜೆಸಿಬಿ ಡ್ರೈವರ್ ಹುಡುಗ ಪಾಪ ಇದರಾಗ ಸಿಕ್ಕಿ ಹಾಕ್ಕೊಂಡ್ರ ಯಾರ್ ಬಂದು ಬಿಡಸ್ತಾರ?

ಇನ್ನ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಾಗ ಕಟ್ಟಂಗಿಲ್ಲ, ಆಮೇಲಿನ 200 ಮೀಟರಿನಾಗ ಅನುಮತಿ ಇಲ್ದೇ ಕಟ್ಟಂಗಿಲ್ಲ ಅಂತ ಒಂದ್ ನಿಯಮ ಐತಲ್ಲ, ಅದು ಮುಖ್ಯವಾಗಿ ಕಟ್ಟಡಕ್ಕ ಸಂಬಂಧಪಟ್ಟದ್ದು. ಸ್ಮಾರಕದಿಂದ ಐವತ್ತು ಮೀಟರ್ ದೂರದ ನಿಮ್ಮ ಅಂಗಳದ ಬೇವು ಒಣಗಿದ್ರ ಅದಕ್ಕ ಅರಣ್ಯದವ್ರ ಅನುಮತಿ ಸಾಕು, ಬೇಲಿ ಒಳಗಿನ ಗಿಡದ ಕಥಿನೇ ಬ್ಯಾರೆ. ಅಂಗಳದಾಗ ಬೊಡ್ಡಿ ತೆಗದು ಅಲ್ಲೇ ಖೋಲಿ ಕಟ್ಟತೀನಂದ್ರ ಮಾತ್ರ ಆ ನಿಯಮ ಬಂದು ನಿಲ್ತೈತಿ.

ಅರ್ಜಿ ಯಾರ್ ಹಾಕಬೇಕು ಅನ್ನೂದರಾಗೇ ನಮ್ಮೂರಾಗ ಅರ್ಧ ಗೊಂದಲ ಆಗಿದ್ದು. ಜಾಗ ಸರ್ಕಾರದ ಹೆಸರಿಗಿದ್ರ, ಸ್ಮಾರಕ ನೋಡಿಕೊಳ್ಳೋ ಇಲಾಖೆನೇ ಅರಣ್ಯದವ್ರಿಗೆ ಕೇಳಬೇಕು, ಊರವ್ರು ಕೊಡೂದು ಬರೀ ಮನವಿ. ಜಾಗ ದೇವಸ್ಥಾನದ್ದೋ ಖಾಸಗಿದೋ ಆಗಿದ್ರ ಮಾಲೀಕ್ರು ಅರ್ಜಿ ಹಾಕಿ ಪುರಾತತ್ವದವ್ರ ಒಪ್ಪಿಗಿ ಪತ್ರ ಜೋಡಸಬೇಕು. ಅದಕ್ಕ ಮೊದಲು ಪಹಣಿ ತೆಗಸ್ರಿ, ಸರ್ವೆ ನಂಬರಿನಾಗ ಯಾರ ಹೆಸರೈತಿ ನೋಡ್ರಿ. ನಮ್ಮಲ್ಲಿ ಒಂದ್ ಆಫೀಸಿಗೆ ಹೋದ್ರ ಮೊದ್ಲು ಅವರ ಪತ್ರ ತರ್ರಿ ಅಂದ್ರು, ಅಲ್ಲಿ ಹೋದ್ರ ಇಲ್ಲ ಇಲ್ಲ, ಮೊದ್ಲು ಅವರದು ಬರ್ಲಿ ಅಂದ್ರು, ನಡುವ ಎರಡು ಬಸ್ ಬದಲಿಸಿ ಓಡಾಡೋರು ನಾವು. ಅಲ್ಲೆಲ್ಲಾ ಕೆಟ್ಟವ್ರಿದ್ರು ಅಂತ ನಾ ಹೇಳಂಗಿಲ್ಲ, ಇನ್ನೊಂದ್ ಇಲಾಖೆ ಕಾಯ್ದೆ ಏನ್ ಹೇಳ್ತೈತಿ ಅಂತ ಇವರಿಗೆ ಗೊತ್ತಿಲ್ಲ, ಇವರದು ಅವರಿಗೆ ಗೊತ್ತಿಲ್ಲ, ಆದ್ರ ಆ ಹೊತ್ತಿನಾಗ ಟೊಂಗಿ ಮಾತ್ರ ತಲಿ ಮ್ಯಾಲ ತೂಗ್ತಿತ್ತು ನೋಡ್ರಿ, ಸಿಟ್ಟು ಬಂದಿದ್ದು ನಿಜ. ಕಡೀಕ ಕೆಲಸ ಆಗಿದ್ದು ಜಂಟಿ ಸ್ಥಳ ಪರಿಶೀಲನೆಗೆ ಒತ್ತಾಯ ಮಾಡಿದ ಮ್ಯಾಲ. ಒಂದೇ ಅರ್ಜಿ ಬರದು ಎರಡೂ ಕಚೇರಿಗೆ ಕೊಟ್ವಿ, ಒಂದರ ಪ್ರತಿ ಇನ್ನೊಂದಕ್ಕ ಅಂತ ಕೆಳಗ ಸ್ಪಷ್ಟವಾಗಿ ನಮೂದಿಸಿದ್ವಿ, ತಹಶೀಲ್ದಾರ್ರಿಗೂ ಒಂದ್ ಪ್ರತಿ, ಟಪಾಲಿನಾಗ ಕೊಟ್ಟು ಸ್ವೀಕೃತಿ ಸಿಕ್ಕ ಮ್ಯಾಲೇ ಹೊರಗ ಬಂದ್ವಿ. ಗಿಡದ ಫೋಟೋ ನಾಕೂ ದಿಕ್ಕಿನಿಂದ, ಬಿದ್ದ ಟೊಂಗಿ ಫೋಟೋ, ಗುಡಿಗೂ ಗಿಡಕ್ಕೂ ಎಷ್ಟ್ ಅಡಿ ಅಂತ ಟೇಪ್ ಹಿಡಿದು ತೆಗದ ಫೋಟೋ. ಎರಡೂ ಕಡೆಯವ್ರು ಒಂದೇ ದಿನ ಬಂದು ನಿಂತು ನೋಡಿದಾಗ ಅಲ್ಲೇ ಪಂಚನಾಮೆ ಆತು, ಆಮ್ಯಾಲ ಆದೇಶ ಬರಾಕ ಬಹಳ ತಡ ಆಗಲಿಲ್ಲ. ಇದನ್ನ ಮೊದಲೇ ಇಲಾಖೆಯವ್ರು ತಾವಾಗೇ ಮಾಡಬಹುದಿತ್ತು ಅನ್ನೂದು ನನ್ನ ಅಭಿಪ್ರಾಯ. ಪ್ರತಿ ವರ್ಷ ಬ್ಯಾಸಿಗಿ ಮೊದಲು, ಶಿವರಾತ್ರಿ ಹೊತ್ತಿಗೆ, ಇಬ್ರೂ ಸೇರಿ ಒಂದ್ ರೌಂಡು ಸ್ಮಾರಕಗಳಿಗೆ ಹೋಗಿ ಒಣ ಗಿಡ ಗುರ್ತು ಮಾಡಿದ್ರ ಮುಗೀತು, ಯಾಕಂದ್ರ ನಮ್ಮ ಕಡೆ ಗಿಡ ಬೀಳೂದು ಏಪ್ರಿಲ್ ಮೇದಾಗಿನ ಗಾಳಿ ಮಳಿಗೇನೇ.

ಪರಿಸ್ಥಿತಿ ತೀರಾ ಕೈ ಮೀರಿದ್ರ, ಇವತ್ತೋ ನಾಳೆನೋ ಬೀಳ್ತೈತಿ ಅನ್ನೋ ಹಂಗಿದ್ರ, ಇನ್ನೊಂದ್ ದಾರಿ ಐತಿ. ಮೊದಲು ಸಿಆರ್‌ಪಿಸಿ 133 ಅಂತಿತ್ತು, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಾಗ 152ನೇ ಕಲಮು, ಬೀಳೋ ಸ್ಥಿತಿಯಾಗಿರೋ ಗಿಡದಿಂದ ಮಂದಿಗೆ ಅಪಾಯ ಇದ್ರ ಅದನ್ನ ತೆಗೀರಿ ಇಲ್ಲಾ ಆಧಾರ ಕೊಡ್ರಿ ಅಂತ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಆದೇಶ ಮಾಡಬಹುದು. ಅಲ್ಲೀತನ ಗಿಡದ ಸುತ್ತ ಹಗ್ಗ ಕಟ್ಟಿ, ಮಂದಿ ಓಡಾಡೂದು ಬಂದ್ ಮಾಡ್ರಿ, ಇದಕ್ಕ ಯಾರ ಪರ್ಮಿಶನ್ನೂ ಬ್ಯಾಡ.

ಗಿಡ ನಿಜವಾಗಿ ಸತ್ತೈತೋ ಇಲ್ಲೋ ಅನ್ನೂದು ಎಲ್ಲಾದಕ್ಕಿಂತ ಮೊದಲು ನೋಡಬೇಕಾಗಿದ್ದು. ನಮ್ಮ ಬಿಸಿಲಿಗೆ ಎಲಿ ಉದುರಿಸಿ ನಿಲ್ಲೋ ಗಿಡ ಭಾಳ ಅವ, ಬಿಲ್ವಪತ್ರಿ, ಹಾಲವಾಣ, ಬೂರಗ ಇವೆಲ್ಲಾ ಬ್ಯಾಸಿಗ್ಯಾಗ ಸತ್ತಂಗೇ ಕಾಣ್ತಾವ. ಬೇವಿಗೆ ಈಗ ಕೆಲವು ವರ್ಷದಿಂದ ತುದಿಯಿಂದ ಒಣಗೋ ರೋಗ ಬಂದೈತಿ, ಫೊಮೊಪ್ಸಿಸ್ ಅನ್ನೋ ಶಿಲೀಂಧ್ರದ್ದು, ಟೊಂಗಿ ತುದಿಯೆಲ್ಲಾ ಸುಟ್ಟಂಗ ಕಂದಾಗ್ತಾವ, ನೋಡಿದವ್ರು ಗಿಡ ಹೋತು ಅಂತಾರ, ಆದ್ರ ಎಷ್ಟೋ ಬೇವು ಮತ್ತ ಚಿಗುರ್ತಾವ. ಪರಿಶೀಲನೆಗೆ ಬಂದಿದ್ದ ಅರಣ್ಯದ ವಾಚರೊಬ್ರು ನಮ್ಮ ಮುಂದನೇ ಚಾಕುಲಿಂದ ತೊಗಟಿ ಸಣ್ಣಗ ಕೆರದು ತೋರಿಸಿದ್ರು, ಕೆಳಗ ಹಸರು ಪದರು, ತೇವ ಇದ್ರ ಜೀವ ಐತಿ, ಒಣಗಿ ಕಂದಾಗಿದ್ರ ಇಲ್ಲ, ಒಂದೇ ಕಡೆ ನೋಡಬಾರದು, ಟೊಂಗಿ, ಬುಡ, ನಾಕು ಕಡೆ ನೋಡಬೇಕು. ಹುಣಸಿ ಎಲ್ಲಾ ಕಡೆ ಒಣಗಿತ್ತು. ಪಕ್ಕದ ಬೇವು ಅರ್ಧ ಒಣಗಿತ್ತು, ಕೆರದು ನೋಡಿದ್ರ ಹಸರು, "ಇದನ್ನ ಮುಟ್ಟಬ್ಯಾಡ್ರಿ ಸರ, ಯುಗಾದಿ ಮುಗೀಲಿ" ಅಂದ್ರು. ಕಾಕಾ ಎರಡೂ ಗಿಡ ಹೋಗ್ಲಿ ಅಂತಿದ್ರು, ಬೇವು ಉಳೀತು. ಪೊಟರಿ ಇದ್ರ ಒಳಗ ಗಿಣಿ, ಗೂಬಿ ಗೂಡು ಮಾಡ್ಯಾವೋ ಅದನ್ನೂ ನೋಡ್ರಿ, ಮರಿ ಹಾರಿ ಹೋಗೋತನ ತಡೀಬೇಕು, ಗೂಡು ಕೆಡಸೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರನೂ ತಪ್ಪು.

ಕಡಿಯೋ ರೀತಿ ಹೇಳ್ತೀನಿ, ಇದು ನನಗ ಎಲ್ಲಾದಕ್ಕಿಂತ ಮುಖ್ಯ ಅನ್ನಸ್ತು. ಬುಡಕ್ಕ ಗರಗಸ ಹಚ್ಚಿ ಒಮ್ಮೆಲೇ ಕೆಡವಂಗಿಲ್ಲ. ಮ್ಯಾಲಿಂದ ಸುರು ಮಾಡಬೇಕು, ಒಂದೊಂದೇ ಟೊಂಗಿಗೆ ಹಗ್ಗ ಕಟ್ಟಿ, ಕತ್ತರಿಸಿ, ನಿಧಾನಕ್ಕ ಗುಡಿ ಇಲ್ಲದ ದಿಕ್ಕಿಗೆ ಇಳಿಸಬೇಕು. ಕೆಳಗ ವೀರಗಲ್ಲಿದ್ರ, ಶಾಸನ ಇದ್ರ, ಅದರ ಸುತ್ತ ಹುಲ್ಲಿನ ಸಿವುಡು, ಮರಳ ಚೀಲ ಒಟ್ಟಬೇಕು. ಗಂಗಾವತಿ ಕಡೆಯಿಂದ ಬಂದಿದ್ದ ಕಟ್ಟಿಗಿ ಕೊಯ್ಯೋ ಅಣ್ಣತಮ್ಮರು ಎಷ್ಟ್ ನಾಜೂಕಾಗಿ ಇಳಿಸಿದ್ರಂದ್ರ ಗುಡಿ ಮ್ಯಾಲಿನ ಪಾರಿವಾಳನೂ ಏಳಲಿಲ್ಲ. ಬೊಡ್ಡಿನ ನೆಲಕ್ಕ ಸಮ ಕೊಯ್ದು ಅಲ್ಲಿಗೇ ಬಿಡಬೇಕು. ಬೇರು ಕೀಳಬಾರದು. ಬೊಡ್ಡಿಗೆ ಬೆಂಕಿ ಹಚ್ಚೂದಂತೂ ಬ್ಯಾಡೇ ಬ್ಯಾಡ, ನಮ್ಮ ಕಡೆ ಹೊಲದಾಗ ಮಾಡ್ತಾರ, ಉರಿ ದಿನಗಟ್ಟಲೆ ಒಳಗೊಳಗ ಬೇರಿನಗುಂಟ ಹೋಗ್ತೈತಿ, ಕಾದ ಕಲ್ಲು ಸಿಡೀತೈತಿ, ಹಿಂದಿನವ್ರು ಕಣಶಿಲೆ ಬಂಡಿ ಒಡಿಯಾಕ ಅದರ ಮ್ಯಾಲ ಬೆಂಕಿ ಹಾಕ್ತಿದ್ರಲ್ಲ, ಅದೇ ಕೆಲಸ ಗುಡಿ ಅಡಿಪಾಯಕ್ಕ ಮಾಡಿದಂಗ ಆಗ್ತೈತಿ. ಉಳದ ಬೇರು ವರ್ಷಗಳ ಮ್ಯಾಲ ಕೊಳತು ಒಳಗ ಟೊಳ್ಳು ಬೀಳ್ತೈತಿ, ಅಲ್ಲಿ ಮಳಿ ನೀರು ಇಳದು ನೆಲ ಕುಸೀಬಹುದು, ಗೆದ್ದಲು ಬರಬಹುದು, ಅದಕ್ಕ ಪ್ರತಿ ಮಳಿಗಾಲ ಆದಮ್ಯಾಲ ಇಲಾಖೆಯವ್ರು ಆ ಜಾಗ ನೋಡಿ ತುಂಬಸಬೇಕು. ಪಂಚನಾಮೆಯಾಗ ಈ ಮಾತು ಬರಸ್ರಿ ಅಂತ ನಾವು ಹಟ ಹಿಡಿದು ಬರಸೀವಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತನ್ನದೇ ತೋಟಗಾರಿಕಾ ವಿಭಾಗ ಐತಿ, ಮುಖ್ಯ ಕಚೇರಿ ಆಗ್ರಾದಾಗ, ದಕ್ಷಿಣದ್ದು ಮೈಸೂರಾಗ, ಹಿಂಗ ಗಿಡದ ವಿಷಯ ಬಲ್ಲವ್ರು ಅವರಲ್ಲೇ ಅದಾರ, ಕೇಳಿದ್ರ ಸಲಹೆ ಸಿಗ್ತೈತಿ.

ಬಳ್ಳಾರಿ ಜಾಲಿ ಬಗ್ಗೆ ಒಂದ್ ಮಾತು. ನಮ್ಮ ಸೀಮಿ ಕೋಟಿ, ಬತೇರಿ, ಕಂದಕ ಎಲ್ಲಾ ಕಡೆ ಇದೇ ತುಂಬೈತಿ. ವೃಕ್ಷ ಸಂರಕ್ಷಣಾ ಕಾಯ್ದೆಯಾಗ ನೀಲಗಿರಿ, ಸರ್ವೆ, ಸುಬಾಬುಲ್, ತೆಂಗು ಇವುಗಳ ಜೊತಿಗೆ ಈ ಬಳ್ಳಾರಿ ಜಾಲಿಗೂ ಅನುಮತಿಯಿಂದ ವಿನಾಯಿತಿ ಐತಿ, ಅದನ್ನ ಕೇಳಿದ ಕೂಡ್ಲೇ ಯುವಕ ಸಂಘದ ಹುಡುಗ್ರು ಕೋಟಿ ಸ್ವಚ್ಛ ಮಾಡ್ತೀವಿ ಅಂತ ಟ್ರ್ಯಾಕ್ಟರ್ ತಗೊಂಡು ಹೊಂಡ್ತಾರ. ಹುಡುಗ್ರ ಉಮೇದು ದೊಡ್ಡದು, ಗೌರವ ಐತಿ ನನಗ. ಆದ್ರ ತಮ್ಮಾ, ಆ ವಿನಾಯಿತಿ ಗಿಡಕ್ಕ, ಜಾಗಕ್ಕಲ್ಲ. ಕೋಟಿ ಗ್ವಾಡಿ ಸಂದಿನಾಗ ಬೆಳದ ಜಾಲಿ ಎಳದ್ರ ಕಲ್ಲು ಕಳಚಿ ಬರ್ತೈತಿ. ಸಂರಕ್ಷಿತ ಕೋಟಿ ಒಳಗ ಕೈ ಹಚ್ಚೋ ಮೊದಲು ಪುರಾತತ್ವದವ್ರ ಒಪ್ಪಿಗಿ ಬೇಕು, ಅವರ ಸಿಬ್ಬಂದಿ ಎದುರಿಗೇ ಕೆಲಸ ಆಗಬೇಕು. ಮತ್ತ ಬರೀ ಮ್ಯಾಲ ಕಡದ್ರ ಜಾಲಿ ಸಾಯಂಗಿಲ್ಲ, ಬೊಡ್ಡಿಯಿಂದ ಮತ್ತ ಟಿಸಿಲು ಒಡೀತೈತಿ, ಮುಂದಿನ ವರ್ಷವೂ ಬರ್ತೀವಿ ಅಂತ ಮೊದಲೇ ಮಾತಾಡಿಕೊಂಡು ಹೋಗಬೇಕು.

ಅರಣ್ಯದವ್ರ ಅನುಮತಿ ಜೊತಿಗೆ ಕಡದ ಗಿಡದ ಬದಲಿ ಗಿಡ ಹಚ್ಚಬೇಕು ಅನ್ನೋ ಷರತ್ತು ಬರ್ತೈತಿ. ಇಲ್ಲೇ ಎರಡು ಕಾಯ್ದೆ ಒಂದಕ್ಕೊಂದು ಎದುರಾಗೂದು, ಒಬ್ರು ಗಿಡ ಹಚ್ಚರಿ ಅಂತಾರ, ಇನ್ನೊಬ್ರು ತಗ್ಗು ತೋಡಬ್ಯಾಡ್ರಿ ಅಂತಾರ. ಬ್ಯಾರೆ ಸೂಕ್ತ ಜಾಗದಾಗ ಹಚ್ಚಾಕ ಅವಕಾಶ ಐತಿ, ಅರ್ಜಿಯಾಗೇ ಜಾಗ ತೋರಿಸಿಬಿಡ್ರಿ. ನಾವು ಸಾಲಿ ಮೈದಾನದ ಅಂಚಿಗೆ ಹುಣಸಿ, ಹೊಂಗೆ ಹಚ್ಚೀವಿ, ಹೈಸ್ಕೂಲ್ ಹುಡುಗ್ರು ನೀರು ಹಾಕ್ತಾರ. ಆಲ, ಅರಳಿ ಮಾತ್ರ ಯಾವ ಹಳೇ ಕಟ್ಟಡದ ಹತ್ರನೂ ಹಚ್ಚಬ್ಯಾಡ್ರಿ, ಎಷ್ಟೇ ಭಕ್ತಿ ಇದ್ರೂ.

ಕಡೀಕ ಕಟ್ಟಿಗಿ ಜಗಳ. ಹುಣಸಿ ಕಟ್ಟಿಗಿ ಅಂದ್ರ ಸುಮ್ನ ಅಲ್ಲ, ಗಟ್ಟಿ ಮಾಲು, ಒಳ್ಳೇ ರೇಟು. ಜಾತ್ರಿ ದಾಸೋಹದ ಒಲಿಗೆ ಬೇಕು ಅಂತ ಕಮಿಟಿಯವ್ರು, ಇಷ್ಟು ವರ್ಷ ಹುಣಸಿಹಣ್ಣು ಬಡಕೊಂಡವ್ರು ನಾವು ಅಂತ ಇನ್ನೊಂದ್ ಓಣಿಯವ್ರು. ಜಾಗ ಯಾರದೋ ಕಟ್ಟಿಗಿ ಅವರದು, ಸರ್ಕಾರದ ಜಾಗ ಆಗಿದ್ರಿಂದ ಹರಾಜು ಆತು, ದುಡ್ಡು ಸರ್ಕಾರಕ್ಕ ಹೋತು. ಹರಾಜಿನಾಗ ತಗೊಂಡವ್ರು ಊರ ಹೊರಗ ಒಯ್ಯಬೇಕಂದ್ರ ಅರಣ್ಯ ಇಲಾಖೆ ಪಾಸು ಬೇಕಾಗ್ತೈತಿ, ಅದನ್ನ ಗಾಡಿ ಲೋಡು ಮಾಡೋ ಮೊದಲೇ ಕೇಳ್ರಿ. ಹರಾಜು ಯಾವತ್ತು, ಎಲ್ಲಿ ಅಂತ ಗ್ರಾಮ ಪಂಚಾಯ್ತಿ ಬೋರ್ಡಿಗೆ ಹಚ್ಚಿಸಿದ್ವಿ, ಎಲ್ಲರ ಮುಂದನೇ ಕೂಗಿದ್ರು, ಕಮಿಟಿಯವ್ರೇ ಕೂಗಿ ತಗೊಂಡ್ರು, ಅಲ್ಲಿಗೆ ಜಗಳ ನಿಂತಿತು. ಈಗ ಅದೇ ಕಮಿಟಿಯವ್ರು ಊರ ಇನ್ನೊಂದ್ ತುದಿಗೆ ಇರೋ ಹನುಮಪ್ಪನ ಗುಡಿ ಹಿಂದಿನ ಒಣ ಬೇವಿನ ಫೋಟೋ ತಗೊಂಡು ಬಂದಾರ, ಅದು ಸಂರಕ್ಷಿತ ಸ್ಮಾರಕ ಅಲ್ಲ, ಮುಜರಾಯಿಗೆ ಸೇರಿದ್ದು, ಅದಕ್ಕ ಪುರಾತತ್ವದ ಪತ್ರ ಬೇಕಾಗಂಗಿಲ್ಲ, ಜಾಗದವ್ರ ಅರ್ಜಿ, ಅರಣ್ಯದವ್ರ ಅನುಮತಿ ಸಾಕು, ನಾಳೆ ಪಹಣಿ ತೆಗಸಾಕ ಹೊಂಟೀವಿ.